ಗ್ರಂಥವಿಲ್ಲದ ಕೆಲ್ಸ್ ಪಟ್ಟಣವನ್ನು ನೋಡತಕ್ಕದ್ದೇ?

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಐರ್ಲೆಂಡ್ ದೇಶದ ಆಸ್ಪತ್ರೆಗಳಲ್ಲಿ ದಾದಿಯರಾಗಿ ಸೇವೆ ಮಾಡುತ್ತಿರುವದು ವಾಚಕರಿಗೆ ತಿಳಿದ ಸಂಗತಿಯೇ. ಮಗಳ ಹೆರಿಗೆಗೋ ಮೊಮ್ಮಗುವಿನ ದೀಕ್ಷಾಸ್ನಾನಕ್ಕೋ ತಂದೆತಾಯಿಗಳು ಅಲ್ಲಿಗೆ ಹೋಗಿಬರುವದು ಕೂಡ ಈಚೆಗೆ ಅಪರೂಪವಲ್ಲ. ಹಾಗೆ ಹೋದವರಿಗೆ ಮಗಳ ಕೆಲಸದ ಸರದಿಯ ನಡುವೆ ಒಂದೆರಡು ದಿನ ಬಿಡುವು ದೊರೆಯುವದು. ಆ ದಿನವನ್ನು ಎಲ್ಲಿ ಕಳೆಯಬೇಕೆಂಬ ಮಾತು ಬಂದಾಗ ಸತ್ಯವೇದವನ್ನು ಓದುವ ಕುಟುಂಬಗಳಲ್ಲಿ ಕೆಲ್ಸ್ ಎಂಬ ಊರಿನ ಹೆಸರು ಬಾರದೆ ಇರದು. 'ಆ ಪ್ರಸಿದ್ಧವಾದ ಸುವಾರ್ತಾಗ್ರಂಥವು ಈಗ ಅಲ್ಲಿ ಇಲ್ಲವಂತೆ. ಹಾಗಾದರೆ ಅಲ್ಲಿಗೆ ಹೋಗಿ ನೋಡುವದೇನು?' ಎಂದು ಒಬ್ಬರಿಗಿಂತ ಹೆಚ್ಚು ತಾಯಂದಿರು ನಮ್ಮನ್ನು ಕೇಳಿದ್ದುಂಟು. ಪ್ರಶ್ನೆಯು ನ್ಯಾಯವಾದದ್ದೇ. ಪರದೇಶದಲ್ಲಿ ಒಂದು ದಿನವೆಂದರೆ ಮಗಳ ಒಂದು ದಿನದ ವಿಶ್ರಾಂತಿಯೂ ಹೌದು, ಅವಳು ದುಡಿದ ಹಣವೂ ಹೌದು. ಆದದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಕೊಡುವದು ಒಳ್ಳೇದೆಂದು ಎಣಿಸಿದ್ದೇವೆ.

ಮೊದಲು ಒಂದು ಎಚ್ಚರಿಕೆಯ ಮಾತು. ಐರ್ಲೆಂಡಿನಲ್ಲಿ ಕೆಲ್ಸ್ ಎಂಬ ಹೆಸರಿನ ಊರು ಒಂದೇ ಅಲ್ಲ. ಕಿಲ್ಕೆನ್ನಿ ಸೀಮೆಯಲ್ಲಿ ಒಂದುಂಟು. ಅಲ್ಲಿಯೂ ಗೋಡೆಗೋಪುರಗಳುಳ್ಳ ಹಾಳುಬಿದ್ದ ಒಂದು ದೊಡ್ಡ ಮಠವು ಇರುವದರಿಂದ ಅಪರಿಚಿತರಿಗೆ ಗಲಿಬಿಲಿಯಾಗುವದು ಸಹಜ. ನಾವು ಹೇಳುತ್ತಿರುವದು ಮೀಥ್ ಸೀಮೆಯ ಕೆಲ್ಸ್. ಅದು ಡಬ್ಲಿನ್ ನಗರದಿಂದ ವಾಯವ್ಯಕ್ಕೆ ಸುಮಾರು 65 ಕಿಲೋಮೀಟರು, ಹಳೆಯ ಲೆಕ್ಕದಲ್ಲಿ 40 ಮೈಲು ದೂರದಲ್ಲಿದೆ. ರೈಲು ಇಲ್ಲ, ನವನ್ ಪಟ್ಟಣದ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಹೋಗಬೇಕು. ಊರಿನ ಜನಸಂಖ್ಯೆ ಆರು ಸಾವಿರಕ್ಕೆ ಸ್ವಲ್ಪ ಮಿಕ್ಕಿದ್ದು. ಒಂದು ತುದಿಯಿಂದ ಇನ್ನೊಂದು ತುದಿಗೆ ಮುದುಕರೂ ನಡೆದುಹೋಗಬಹುದು.

ಇನ್ನು ಆ ಗ್ರಂಥದ ವಿಷಯ. ಕೆಲ್ಸಿನ ಗ್ರಂಥವೆಂದು ಲೋಕವೆಲ್ಲ ಕರೆಯುವದು ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಸುವಾರ್ತೆಗಳ ಲ್ಯಾಟಿನ್ ಪ್ರತಿ. ಕ್ರಿಸ್ತಶಕ 800ರ ಸುಮಾರಿಗೆ ಕರುವಿನ ಚರ್ಮವನ್ನು ಹದಮಾಡಿ ಅದರ ಮೇಲೆ ಕೈಯಿಂದ ಬರೆದದ್ದು. ಈಗ ಉಳಿದಿರುವ ಹಾಳೆಗಳು 340, ಅಂದರೆ 680 ಪುಟಗಳು. ಒಂದೊಂದು ಸುವಾರ್ತೆಯ ಮೊದಲ ಅಕ್ಷರವು ಒಂದು ಪುಟವನ್ನೇ ತುಂಬುವಂತೆ ಬಳ್ಳಿಬಳ್ಳಿಯಾಗಿ, ಸುರುಳಿಸುರುಳಿಯಾಗಿ ಹಬ್ಬಿಕೊಂಡಿದೆ. ಆ ಬಳ್ಳಿಗಳ ಸಂದಿನಲ್ಲಿ ಬೆಕ್ಕುಗಳೂ ಇಲಿಗಳೂ ಮೀನು ಕಚ್ಚಿದ ನೀರುನಾಯಿಯೂ ಅಡಗಿವೆ. ಅದರ ನೀಲಿ ಬಣ್ಣವನ್ನು ದೂರದ ಪೂರ್ವದೇಶದಿಂದ ಬಂದ ರತ್ನದ ಪುಡಿಯಿಂದ ಮಾಡಿದ್ದರೆಂದು ಬಹುಕಾಲ ಹೇಳುತ್ತಿದ್ದರು. ಈಗಿನ ಪರೀಕ್ಷೆಯಿಂದ ಅದು ಗಿಡದಿಂದ ತೆಗೆದ ನೀಲಿಯೆಂದು ಗೊತ್ತಾಗಿದೆ. ಇಷ್ಟು ಅಂದವಾಗಿ ಬರೆದವರೂ ಬರಹದಲ್ಲಿ ತಪ್ಪದೆ ಇರಲಿಲ್ಲ. ಮತ್ತಾಯನ ಹತ್ತನೆಯ ಅಧ್ಯಾಯದಲ್ಲಿ ಕರ್ತನು ತಾನು ತಂದದ್ದು ಸಮಾಧಾನವಲ್ಲ, ಖಡ್ಗ ಎಂದು ಹೇಳುವ ಮಾತುಂಟಷ್ಟೆ. ಲ್ಯಾಟಿನ್ ಭಾಷೆಯಲ್ಲಿ ಖಡ್ಗಕ್ಕೂ ಸಂತೋಷಕ್ಕೂ ಒಂದೆರಡು ಅಕ್ಷರಗಳಷ್ಟೇ ಭೇದವಾದದರಿಂದ, ಬರೆಯುವವನ ಕೈ ಜಾರಿ, ಈ ಗ್ರಂಥದಲ್ಲಿ ಕರ್ತನು ಸಂತೋಷವನ್ನು ತರಲಿಕ್ಕೆ ಬಂದಂತಾಗಿದೆ! ಶುದ್ಧಬರಹದಲ್ಲಿ ಅಂಕ ಕಳಕೊಂಡ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದರಿಂದ ಸ್ವಲ್ಪ ಸಮಾಧಾನವಾದೀತು.

ಈ ಗ್ರಂಥವು ಇರುವದು ಕೆಲ್ಸಿನಲ್ಲಿ ಅಲ್ಲ, ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ. 1653ರ ಸುಮಾರಿಗೆ, ಕ್ರಾಮ್‌ವೆಲ್ಲನ ಕುದುರೆಸವಾರರು ಕೆಲ್ಸಿನ ದೇವಾಲಯದಲ್ಲಿ ಬೀಡುಬಿಟ್ಟಿದ್ದಾಗ, ಗ್ರಂಥಕ್ಕೆ ಕೇಡಾದೀತೆಂಬ ಭಯದಿಂದ ಅದನ್ನು ಡಬ್ಲಿನ್ನಿಗೆ ಕಳುಹಿಸಿದರು. ಕೆಲವು ವರುಷಗಳ ಮೇಲೆ ಮೀಥ್ ಸೀಮೆಯ ಬಿಷಪ್ ಹೆನ್ರಿ ಜೋನ್ಸ್ ಎಂಬವರ ಮೂಲಕ ಅದು ಕಾಲೇಜಿಗೆ ಸೇರಿತು. 1953ರಲ್ಲಿ ಅದನ್ನು ನಾಲ್ಕು ಸಂಪುಟಗಳಾಗಿ ಹೊಸದಾಗಿ ಕಟ್ಟಿದರು. ನೋಡಲು ಬಂದವರಿಗೆ ಒಂದು ಸಲಕ್ಕೆ ಗಾಜಿನೊಳಗೆ ತೆರೆದಿಟ್ಟ ಪುಟಗಳಷ್ಟೇ ಕಾಣುವವು. ಹೀಗಿರಲು, ಗ್ರಂಥವನ್ನೇ ನೋಡಬೇಕೆಂದು ಆಶೆಯುಳ್ಳವರು ಕೆಲ್ಸಿಗೆ ಹೋದರೆ ನಿರಾಶರಾಗಿ ಹಿಂದಿರುಗುವರು. ಅಂಥವರು ಡಬ್ಲಿನ್ನಿಗೇ ಹೋಗತಕ್ಕದ್ದು. ಅಲ್ಲಿಯ ಹಳೆಯ ಪುಸ್ತಕಾಲಯದ ಜೀರ್ಣೋದ್ಧಾರವನ್ನು ಕೈಕೊಂಡಿರುವದರಿಂದ, ಮುಂಚಿತವಾಗಿ ವಿಚಾರಿಸಿ ಟಿಕೆಟನ್ನು ಕಾದಿರಿಸಿಕೊಂಡು ಹೋಗುವದು ಮೇಲು. ಕೆಲ್ಸಿನಲ್ಲಿ ಕಾಣಸಿಗುವದು ಅದರ ಅಚ್ಚಿನ ಪ್ರತಿ ಮಾತ್ರ.

ಹಾಗಾದರೆ ಕೆಲ್ಸಿನಲ್ಲಿ ಉಳಿದದ್ದೇನು? ಹೊತ್ತುಕೊಂಡು ಹೋಗಲಾಗದ್ದೆಲ್ಲ ಉಳಿದಿದೆ. ಇದನ್ನು ತಿಳಿಯಬೇಕಾದರೆ ಆ ಊರು ಹೇಗೆ ಹುಟ್ಟಿತೆಂಬದನ್ನು ಅರಿತುಕೊಳ್ಳಬೇಕು.

ಸಂತ ಕೊಲಂಬನೆಂಬವನು 521ರ ಸುಮಾರಿಗೆ ಐರ್ಲೆಂಡಿನ ಉತ್ತರಭಾಗದಲ್ಲಿ ಹುಟ್ಟಿದ ರಾಜವಂಶದವನು. ಅವನ ದೇಶದವರು ಅವನನ್ನು ಕರೆಯುವ ಕೊಲಮ್‌ಕಿಲ್ಲ ಎಂಬ ಹೆಸರಿಗೆ ಸಭೆಯ ಪಾರಿವಾಳವೆಂದು ಅರ್ಥ. ಆದರೆ ಅವನ ವಿಷಯವಾಗಿ ಹೇಳುವ ಕಥೆಯೊಂದರಲ್ಲಿ ಪಾರಿವಾಳದ ಸಾಧುತ್ವ ಅಷ್ಟಾಗಿ ಕಾಣುವದಿಲ್ಲ. ಗುರುವಿನ ಬಳಿಯಿದ್ದ ಕೀರ್ತನೆಗಳ ಗ್ರಂಥವೊಂದನ್ನು ಅವನು ಗುಟ್ಟಾಗಿ ನಕಲು ಮಾಡಿಕೊಂಡನಂತೆ. ಪ್ರತಿಯು ಯಾರಿಗೆ ಸೇರಬೇಕೆಂಬ ವ್ಯಾಜ್ಯವು ಅರಸನಾದ ಡಿಯರ್ಮಟನ ಮುಂದೆ ಬಂದಾಗ, ಕರುವು ಹಸುವಿನ ಒಡೆಯನಿಗೆ ಸೇರುವಂತೆ ಪ್ರತಿಯು ಮೂಲಗ್ರಂಥದ ಒಡೆಯನಿಗೆ ಸೇರತಕ್ಕದ್ದೆಂದು ಅವನು ತೀರ್ಪುಕೊಟ್ಟನಂತೆ. ಇದರಿಂದ ಜಗಳ ಬೆಳೆದು 561ರ ಸುಮಾರಿಗೆ ಯುದ್ಧವೇ ಆಯಿತೆಂದೂ, ಸತ್ತವರಿಗಾಗಿ ಮನನೊಂದು ಅವನು ದೇಶಬಿಟ್ಟನೆಂದೂ ಐತಿಹ್ಯ. ಕಥೆಯಲ್ಲಿ ನಿಜವೆಷ್ಟಿದ್ದರೂ, 563ರಲ್ಲಿ ಅವನು ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿರುವ ಅಯೋನಾ ಎಂಬ ಪುಟ್ಟ ದ್ವೀಪಕ್ಕೆ ಹೋಗಿ ಅಲ್ಲಿ ಮಠವನ್ನು ಸ್ಥಾಪಿಸಿದ್ದು ಚರಿತ್ರೆ. 597ರಲ್ಲಿ ಅಲ್ಲಿಯೇ ತೀರಿಕೊಂಡನು.

ಅವನ ಶಿಷ್ಯರ ಸಂತತಿಯು ಅಯೋನಾದಲ್ಲಿ ಇನ್ನೂರು ವರುಷ ಗ್ರಂಥಗಳನ್ನು ಬರೆಯುತ್ತ, ಸುವಾರ್ತೆಯನ್ನು ಸಾರುತ್ತ ಬಾಳಿತು. ಆ ಮೇಲೆ ಉತ್ತರದೇಶದ ಕಡಲುಗಳ್ಳರಾದ ವೈಕಿಂಗರು ಬಂದರು. 795ರಲ್ಲಿ ಒಮ್ಮೆ, 802ರಲ್ಲಿ ಇನ್ನೊಮ್ಮೆ ದ್ವೀಪದ ಮೇಲೆ ಬಿದ್ದರು. 806ರಲ್ಲಿ ಮಠದವರಲ್ಲಿ 68 ಜನರನ್ನು ಕೊಂದರು. ಅಳಿದುಳಿದವರಿಗೆ ಕಡಲಿನಿಂದ ದೂರವಾದ ಒಂದು ನೆಲೆ ಬೇಕಾಯಿತು. ಐರ್ಲೆಂಡಿನ ಒಳನಾಡಿನಲ್ಲಿರುವ ಕೆಲ್ಸ್ 804ರಲ್ಲಿಯೇ ಅವರಿಗೆ ದೊರೆತಿತ್ತು; 807ರಲ್ಲಿ ಕಟ್ಟಡಕ್ಕೆ ಕೈಹಚ್ಚಿ 814ರಲ್ಲಿ ದೇವಾಲಯವನ್ನು ಮುಗಿಸಿದರೆಂದು ಆ ಕಾಲದ ವರ್ಷಾವಳಿಗಳಲ್ಲಿ ಬರೆದಿದೆ. ಗ್ರಂಥವನ್ನು ಅಯೋನಾದಲ್ಲಿಯೇ ಬರೆದು ತಂದರೋ, ಅಲ್ಲಿ ಪ್ರಾರಂಭಿಸಿ ಕೆಲ್ಸಿನಲ್ಲಿ ಮುಂದುವರಿಸಿದರೋ, ಈ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅಂತೂ ಕೆಲ್ಸ್ ಎಂಬದು ಸುಖವಾಗಿ ಬೆಳೆದ ವಿದ್ಯಾಪೀಠವಲ್ಲ. ಪ್ರಾಣ ಉಳಿಸಿಕೊಂಡು ಓಡಿಬಂದವರು ಕಟ್ಟಿದ ಆಶ್ರಯಸ್ಥಾನವದು. ನಾವು ಆ ಊರಿಗೆ ಹೋಗತಕ್ಕ ಮುಖ್ಯವಾದ ಕಾರಣವು ಇದೇ. ಡಬ್ಲಿನ್ನಿನಲ್ಲಿ ಗಾಜಿನ ಕೆಳಗೆ ಕಾಣುವದು ಗ್ರಂಥದ ಸೊಬಗು. ಆ ಸೊಬಗನ್ನು ಎಷ್ಟು ಭಯದ ನಡುವೆ ಕಾಪಾಡಿದರೆಂಬದು ಕೆಲ್ಸಿನಲ್ಲಿ ಕಾಲ್ನಡೆಯಾಗಿ ತಿರುಗುವಾಗ ಮಾತ್ರ ಮನಸ್ಸಿಗೆ ಬರುವದು.

ಊರಿನ ಎತ್ತರದಲ್ಲಿ ಸಂತ ಕೊಲಂಬನ ಹೆಸರಿನ ದೇವಾಲಯವಿದೆ. ಅದು ಚರ್ಚ್ ಆಫ್ ಐರ್ಲೆಂಡ್ ಸಭೆಯದು. ಅದರ ಸುತ್ತಲಿನ ಸಮಾಧಿಭೂಮಿಯೇ ಹಳೆಯ ಮಠದ ಅಂಗಳ. ಒಳಗೆ ಕಾಲಿಟ್ಟ ಕೂಡಲೇ ದುಂಡಾದ ಕಲ್ಲಿನ ಗೋಪುರವೊಂದು ಕಣ್ಣಿಗೆ ಬೀಳುವದು. ಎತ್ತರ ಸುಮಾರು 26 ಮೀಟರು. ತಲೆಯ ಮೇಲಿದ್ದ ಶಿಖರವು ಈಗ ಇಲ್ಲ. ಇಂಥ ಗೋಪುರಗಳಿಗೆ ತುದಿಯಲ್ಲಿ ಸಾಧಾರಣವಾಗಿ ನಾಲ್ಕು ಕಿಟಕಿಗಳಿರುವವು, ಇಲ್ಲಿ ಐದುಂಟು. ಊರಿಗೆ ಬರುವ ದಾರಿಗಳನ್ನು ನೋಡುವದಕ್ಕಾಗಿಯೇ ಹಾಗೆ ಮಾಡಿದರೆಂದು ಹೇಳುತ್ತಾರೆ. ಗಂಟೆ ಬಾರಿಸುವದಕ್ಕೂ ಬೆಲೆಬಾಳುವ ಸಾಮಾನುಗಳನ್ನು ಇಡುವದಕ್ಕೂ ಇದು ಉಪಯೋಗವಾಗುತ್ತಿತ್ತು. ಆದರೆ ಇದರೊಳಗೆ ಸೇರಿದವರೆಲ್ಲ ಕ್ಷೇಮವಾಗಿದ್ದರೆಂದು ಹೇಳಲಾಗದು. 1076ರಲ್ಲಿ ತಾರಾ ರಾಜ್ಯದ ಪಟ್ಟಕ್ಕೆ ಬಂದವನೊಬ್ಬನನ್ನು ಈ ಗೋಪುರದಲ್ಲಿಯೇ ಕೊಂದರು.

ಗ್ರಂಥಕ್ಕೂ ಕಳ್ಳರ ಕಾಟ ತಪ್ಪಲಿಲ್ಲ. 1007ರಲ್ಲಿ ಒಂದು ರಾತ್ರಿ ಕೊಲಂಬನ ಮಹಾಸುವಾರ್ತೆಯನ್ನು ದೇವಾಲಯದಿಂದ ಕದ್ದೊಯ್ದರೆಂದೂ, ಎರಡು ತಿಂಗಳು ಇಪ್ಪತ್ತು ರಾತ್ರಿಗಳು ಕಳೆದ ಮೇಲೆ ಹುಲ್ಲುಹೆಂಟೆಯ ಕೆಳಗೆ ಅದು ಸಿಕ್ಕಿತೆಂದೂ, ಅದರ ಚಿನ್ನವು ಮಾತ್ರ ಹೋಗಿತ್ತೆಂದೂ ವರ್ಷಾವಳಿಯಲ್ಲಿ ಉಂಟು. ಇದು ಈಗಿನ ಕೆಲ್ಸಿನ ಗ್ರಂಥವೇ ಎಂದು ಬಹುಮಂದಿ ಪಂಡಿತರ ಅಭಿಪ್ರಾಯ. ಕಳ್ಳನಿಗೆ ಬೇಕಾದದ್ದು ಹೊದಿಕೆಯ ಚಿನ್ನ. ಒಳಗಿನ ಅಕ್ಷರಗಳು ಅವನಿಗೆ ಮಣ್ಣಿಗೆ ಸಮಾನವಾಗಿದ್ದವು. ಮುಂದೆ ಹನ್ನೆರಡನೆಯ ಶತಮಾನದಲ್ಲಿ, ನಮ್ಮ ಕಡೆ ದಾನಶಾಸನಗಳನ್ನು ಗುಡಿಯ ಕಲ್ಲಿನ ಮೇಲೆ ಕೆತ್ತಿಸುವಂತೆ, ಮಠದ ಭೂಮಿಕಾಣಿಗಳ ಪತ್ರಗಳನ್ನು ಐರಿಷ್ ಭಾಷೆಯಲ್ಲಿ ಈ ಗ್ರಂಥದ ಬರಿದಾದ ಪುಟಗಳಲ್ಲಿ ಬರೆದಿಟ್ಟರು. 1152ರಲ್ಲಿ ಐರ್ಲೆಂಡಿನ ಸಭೆಯ ಮುಖ್ಯಸ್ಥರು ಸೇರಿ ಅರ್ಮಾ, ಡಬ್ಲಿನ್, ಕ್ಯಾಶೆಲ್, ಟೂಮ್ ಎಂಬ ನಾಲ್ಕು ಆರ್ಚ್‌ಬಿಷಪ್ ಪೀಠಗಳನ್ನು ಏರ್ಪಡಿಸಿದ ಸಂಘಕ್ಕೂ ಕೆಲ್ಸಿನ ಹೆಸರೇ ಉಂಟು. ಈಗಿನ ಸದ್ದಿಲ್ಲದ ಬೀದಿಗಳನ್ನು ನೋಡಿದರೆ ಇದನ್ನು ನಂಬುವದು ಕಷ್ಟ.

ಅಂಗಳದಲ್ಲಿ ನಿಧಾನವಾಗಿ ನೋಡತಕ್ಕವು ಕಲ್ಲಿನ ಶಿಲುಬೆಗಳು. ಇವು ಒಂಬತ್ತು ಹತ್ತನೆಯ ಶತಮಾನಗಳ ಕೆಲಸ. ಓದುಬರಹ ಬಾರದ ಜನರಿಗೆ ಸತ್ಯವೇದವನ್ನು ತಿಳಿಸುವದಕ್ಕಾಗಿ ಅದರ ಚರಿತ್ರೆಗಳನ್ನು ಚೌಕಚೌಕವಾಗಿ ಕೆತ್ತಿದ್ದಾರೆ. ಗೋಪುರದ ಬಳಿಯಲ್ಲಿರುವ ಶಿಲುಬೆಯ ಬುಡದಲ್ಲಿ ಇದು ಪಾತ್ರಿಕ ಕೊಲಂಬರ ಶಿಲುಬೆಯೆಂದು ಲ್ಯಾಟಿನ್ ಅಕ್ಷರಗಳುಂಟು. ಸವೆದುಹೋದದರಿಂದ ಕಾಣುವದು ಕಷ್ಟ. ಅದರಲ್ಲಿ ಆದಾಮನೂ ಹವ್ವಳೂ ಮರದ ಎರಡು ಕಡೆ ನಿಂತಿದ್ದಾರೆ. ಪಕ್ಕದಲ್ಲಿ ಕಾಯಿನನು ತಮ್ಮನಾದ ಹೇಬೆಲನನ್ನು ಹೊಡೆಯುತ್ತಿದ್ದಾನೆ. ಉರಿಯುವ ಆವಿಗೆಯಲ್ಲಿ ಮೂವರು ಯೌವನಸ್ಥರು, ಸಿಂಹಗಳ ಗವಿಯಲ್ಲಿ ದಾನಿಯೇಲನು, ಇಸಾಕನನ್ನು ಬಲಿಕೊಡಲು ಸಿದ್ಧನಾದ ಅಬ್ರಹಾಮನು, ಇವರೆಲ್ಲ ಅಲ್ಲಿದ್ದಾರೆ. ಈ ಪಟ್ಟಿಯನ್ನು ಬೈಬಲ್ ತರಗತಿಯಲ್ಲಿ ಕಲಿತವರು ಒಂದು ಕ್ಷಣ ನಿಂತು ಯೋಚಿಸಬೇಕು. ಬೆಂಕಿಯೊಳಗಿಂದ, ಮೃಗಗಳ ಬಾಯಿಂದ, ಕತ್ತಿಯ ಕೆಳಗಿಂದ ಬಿಡಿಸಲ್ಪಟ್ಟವರ ಚರಿತ್ರೆಗಳಲ್ಲವೇ ಇವು? ಇಂಥ ಚಿತ್ರಗಳು ಐರ್ಲೆಂಡಿನ ಬೇರೆ ಶಿಲುಬೆಗಳಲ್ಲಿಯೂ ಇವೆ, ನಿಜ. ಆದರೂ 68 ಜನ ಸಹೋದರರನ್ನು ಕಳಕೊಂಡ ಮಠದ ಅಂಗಳದಲ್ಲಿ ಇವನ್ನು ನೋಡುವದು ಬೇರೆ.

ಪಶ್ಚಿಮದ ಶಿಲುಬೆಯು ಮುರಿದುಹೋಗಿ ಕಂಬ ಮಾತ್ರ ನಿಂತಿದೆ. ಒಂದು ಮುಖದಲ್ಲಿ ನೋಹನ ನಾವೆ. ಇನ್ನೊಂದರಲ್ಲಿ ಕರ್ತನ ದೀಕ್ಷಾಸ್ನಾನವೂ ಕಾನಾ ಊರಿನ ಮದುವೆಯೂ ಇವೆ. ಯೊರ್ದನ್ ನದಿಯು ಯೋರ್, ದಾನ್ ಎಂಬ ಎರಡು ಬುಗ್ಗೆಗಳಿಂದ ಹುಟ್ಟುವದೆಂದು ಆ ಕಾಲದವರು ನಂಬಿದ್ದರು. ಆದದರಿಂದ ಶಿಲ್ಪಿಯು ಎರಡು ಉರುಟಾದ ಬುಗ್ಗೆಗಳನ್ನು ಕೆತ್ತಿ, ಅವುಗಳಿಂದ ನೀರು ಹರಿದು ಕೂಡುವಂತೆ ತೋರಿಸಿದ್ದಾನೆ. ಯೊರ್ದನನ್ನು ಕನಸಿನಲ್ಲಿಯೂ ಕಾಣದವನು ಅದರ ಭೂಗೋಳವನ್ನು ಕಲ್ಲಿನಲ್ಲಿ ಬರೆದ ಪರಿ ಇದು. ಪೂರ್ವದ ಕಡೆಯ ಶಿಲುಬೆಯಂತೂ ಮುಗಿಯದೆ ಬಿಟ್ಟದ್ದು. ಶಿಲುಬೆಗೇರಿಸಿದ ಚಿತ್ರವನ್ನು ಕೆತ್ತಿದ್ದಾರೆ. ಉಳಿದ ಚೌಕಗಳು ಗುರುತುಮಾಡಿದಂತೆಯೇ ಬರಿದಾಗಿವೆ. ಬೇರೆಡೆ ಮುಗಿದ ಕೆಲಸವನ್ನಷ್ಟೇ ಕಾಣುತ್ತೇವೆ. ಕೆಲಸದ ಕ್ರಮವು ಇಲ್ಲಿ ಗೊತ್ತಾಗುವದು. ನಮಗೆ ಎಲ್ಲಕ್ಕಿಂತಲೂ ಹಿಡಿಸಿದ್ದು ಈ ಶಿಲುಬೆಯೇ.

ಐದನೆಯದಾದ ಸಂತೆಯ ಶಿಲುಬೆಯು ಮೊದಲು ಬೀದಿಗಳು ಕೂಡುವ ಸ್ಥಳದಲ್ಲಿತ್ತು. 1798ರ ದಂಗೆಯಲ್ಲಿ ಬಂಡಾಯಗಾರರನ್ನು ಅದಕ್ಕೆ ನೇಣುಹಾಕಿದರೆಂಬ ಹೇಳಿಕೆಯುಂಟು. ಕಳೆದ ಶತಮಾನದ ಕೊನೆಗೆ ವಾಹನವೊಂದು ಬಡಿದು ಜಖಮಾದ ಮೇಲೆ ಅದನ್ನು ತೆಗೆದು ಹಳೆಯ ನ್ಯಾಯಸ್ಥಾನದ ಮುಂದೆ ಮಾಡಿನ ಕೆಳಗೆ ನಿಲ್ಲಿಸಿದ್ದಾರೆ.

ಸಮಾಧಿಭೂಮಿಯ ಹೊರಗೆ, ಇಕ್ಕಟ್ಟಾದ ಏರುದಾರಿಯಲ್ಲಿ, ಕೊಲಂಬನ ಮನೆಯೆಂದು ಕರೆಯುವ ಪುಟ್ಟ ಕಲ್ಲಿನ ಕಟ್ಟಡವಿದೆ. ಕೊಲಂಬನು ಸತ್ತು ಎಷ್ಟೋ ಕಾಲದ ಮೇಲೆ ಕಟ್ಟಿದ್ದಾದದರಿಂದ ಅವನು ಅದರಲ್ಲಿ ವಾಸಿಸಿದ್ದಿಲ್ಲ. ಹೆಸರು ಭಕ್ತಿಯಿಂದ ಬಂದದ್ದು. ಗೋಡೆಯ ದಪ್ಪ ಸುಮಾರು 4 ಅಡಿ. ಮಾಡು ಕೂಡ ಕಲ್ಲಿನದೇ. ಹಂಚಿಲ್ಲ, ಮರವಿಲ್ಲ, ಎರಡು ಕೈಗಳನ್ನು ಮುಗಿದಂತೆ ಕಡಿದಾಗಿ ಮೇಲಕ್ಕೆ ಕೂಡಿಕೊಂಡಿದೆ. ಮೊದಲಿನ ಬಾಗಿಲು ನೆಲದಿಂದ ಎತ್ತರದಲ್ಲಿತ್ತು. ಈಗ ಒಳಗೆ ಹೋಗುವ ಬಾಗಿಲು ಆಮೇಲೆ ಒಡೆದದ್ದು. ಒಳಗೆ ಮಾಡಿಗೂ ಕಮಾನಿಗೂ ನಡುವೆ ಸಣ್ಣ ಸಣ್ಣ ಮೂರು ಕೋಣೆಗಳುಂಟು. ಅಲ್ಲಿಗೆ ಏಣಿಯಲ್ಲಿ ಹತ್ತಬೇಕು. ಸೀರೆ ಉಟ್ಟವರೂ ಮೊಣಕಾಲು ನೋವಿನವರೂ ಆ ಸಾಹಸಕ್ಕೆ ಹೋಗದಿರುವದು ಒಳ್ಳೇದು. ಇದರ ಬೀಗದ ಕೈಯು ಬಹುಕಾಲ ನೆರೆಮನೆಯವರ ವಶದಲ್ಲಿರುತ್ತಿತ್ತು. ಈಗಿನ ಏರ್ಪಾಡನ್ನು ಊರಿನ ಪ್ರವಾಸಿಗರ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಊರ ಹೊರಗೆ ಲಾಯ್ಡ್ ಗುಡ್ಡದ ಮೇಲೆ ಸುಮಾರು 100 ಅಡಿ ಎತ್ತರದ ಒಂದು ಕಂಬಗೋಪುರವಿದೆ. 1791ರಲ್ಲಿ ಜಮೀನುದಾರನಾದ ಬೆಕ್ಟಿವ್ ಪ್ರಭುವು ತಂದೆಯ ಸ್ಮಾರಕವಾಗಿ ಕಟ್ಟಿಸಿದ್ದು. ನೋಡಲಿಕ್ಕೆ ದೀಪಸ್ತಂಭದಂತಿದೆ, ಕಡಲು ಮಾತ್ರ ಬಹುದೂರ! ದೊಡ್ಡವರು ಅದರ ಮೇಲೆ ನಿಂತು ಕುದುರೆಪಂದ್ಯವನ್ನೂ ಬೇಟೆಯನ್ನೂ ನೋಡುತ್ತಿದ್ದರು. ಅದೇ ಗುಡ್ಡದ ಬಳಿಯಲ್ಲಿ 1840ರ ದಶಕದ ಮಹಾಕ್ಷಾಮದಲ್ಲಿ ಅನಾಥಾಲಯದಲ್ಲಿ ಸತ್ತ ಬಡವರನ್ನು ಹೂಳಿದ ಭೂಮಿಯುಂಟು. ಒಂದೊಂದು ಗೋರಿಗೆ ಒಂದೊಂದು ಕಲ್ಲಿಲ್ಲ, ಹೆಸರಿಲ್ಲ; ಹುಲ್ಲು ಮಾತ್ರ. ಗೋಪುರಕ್ಕಾಗಿ ಅಲ್ಲದಿದ್ದರೂ ಇದಕ್ಕಾಗಿ ಅಲ್ಲಿಯವರೆಗೆ ಹೋಗಬಹುದು.

ಇನ್ನು ಕೆಲ್ಸಿಗೆ ವಿರೋಧವಾಗಿ ಹೇಳತಕ್ಕದ್ದನ್ನೂ ಮರೆಮಾಡಬಾರದು. ಊರು ಸಾಧಾರಣವಾದ ಪೇಟೆಯ ಊರು. ಬೀದಿಗಳಲ್ಲಿ ವಿಶೇಷವಾದ ಚೆಲುವಿಲ್ಲ. ಶಿಲುಬೆಗಳು ಮಳೆಗಾಳಿಗೆ ಸವೆದಿವೆ. ಚರಿತ್ರೆಗಳನ್ನು ಮೊದಲೇ ತಿಳಿಯದವರಿಗೆ ಅವು ಉಬ್ಬುತಗ್ಗುಗಳಾಗಿ ಮಾತ್ರ ಕಂಡಾವು. ಕೆತ್ತನೆಯ ಅಂದವನ್ನು ಮಾತ್ರ ನೋಡಬೇಕಾದರೆ ಲೌತ್ ಸೀಮೆಯ ಮೊನಾಸ್ಟರ್‌ಬಾಯ್ಸಿನಲ್ಲಿರುವ ಮುಯಿರೆಡಕನ ಶಿಲುಬೆಯು ಇವೆಲ್ಲವುಗಳಿಗಿಂತ ಉತ್ತಮವಾಗಿ ಉಳಿದಿದೆ. ಮಕ್ಕಳನ್ನು ಕರಕೊಂಡು ಹೋಗುವವರಿಗೆ ಕೆರೆಗಳ ನಡುವೆ ಹಳೆಯ ಮಠವುಳ್ಳ ಗ್ಲೆಂಡಲೋಕ್ ಹೆಚ್ಚು ಹಿಡಿಸೀತು. ಗ್ರಂಥವನ್ನು ಕೆಲ್ಸಿಗೆ ಹಿಂದಕ್ಕೆ ಕೊಡಬೇಕೆಂಬ ಕೂಗು ಆಗಾಗ ಎದ್ದದ್ದುಂಟು. ಡಿಯರ್ಮಟನ ತೀರ್ಪಿನಂತೆ ನಡೆದರೆ ಪ್ರತಿಯೂ ಮೂಲದ ಹಿಂದೆ ಡಬ್ಲಿನ್ನಿಗೇ ಹೋಗಬೇಕಾದೀತೇನೋ! ಊರಿನವರ ದುಃಖವು ನಮಗೆ ಅರ್ಥವಾಗುವದು. ಆದರೆ ಆ ನವುರಾದ ಚರ್ಮದ ಹಾಳೆಗಳನ್ನು ಇನ್ನೊಮ್ಮೆ ಅಲುಗಾಡಿಸದೆ ಇರುವದೇ ಲೇಸೆಂದು ನಮಗೆ ತೋರುವದು.

ನಮ್ಮ ಅಭಿಪ್ರಾಯವನ್ನು ಕೇಳಿದರೆ ಹೀಗೆ ಹೇಳುವೆವು. ಒಂದೇ ದಿನ ಬಿಡುವುಳ್ಳವರು ಡಬ್ಲಿನ್ನಿನಲ್ಲಿ ಗ್ರಂಥವನ್ನು ನೋಡಲಿ. ಎರಡು ದಿನವುಳ್ಳವರು ಮೊದಲನೆಯ ದಿನ ಗ್ರಂಥವನ್ನು ನೋಡಿ, ಎರಡನೆಯ ದಿನ ತಪ್ಪದೆ ಕೆಲ್ಸಿಗೆ ಹೋಗಲಿ. ಈ ಕ್ರಮವನ್ನು ತಿರುಗಿಸಬಾರದು. ಊರಿಗೆ ಅರ್ಧ ದಿನ ಸಾಕು. ಸ್ವಂತ ವಾಹನವಿದ್ದವರು ಉಳಿದ ಅರ್ಧ ದಿನದಲ್ಲಿ ಟ್ರಿಮ್ ಪಟ್ಟಣದ ನಾರ್ಮನ್ ಕೋಟೆಯನ್ನಾಗಲಿ, ಲಾಕ್‌ಕ್ರೂ ಬೆಟ್ಟದ ಮೇಲಿರುವ ಪುರಾತನ ಕಲ್ಲುಗೋರಿಗಳನ್ನಾಗಲಿ ನೋಡಬಹುದು. ಬಸ್ಸಿನಲ್ಲಿ ಹೋಗುವವರು ಹಿಂದಿರುಗುವ ಬಸ್ಸಿನ ವೇಳೆಯನ್ನು ಇಳಿದಲ್ಲಿಯೇ ಕೇಳಿಕೊಳ್ಳಲಿ. ಬೇಸಗೆಯಾದರೂ ಕೊಡೆಯನ್ನೂ ಉಣ್ಣೆಯ ಶಾಲನ್ನೂ ಬಿಡಬಾರದು. ಸಮಾಧಿಭೂಮಿಯ ಹುಲ್ಲು ಒದ್ದೆಯಾಗಿರುವದರಿಂದ ಚಪ್ಪಲಿ ಉಪಯೋಗವಿಲ್ಲ, ಬೂಡ್ಸು ಬೇಕು. ಕನ್ನಡ ಸತ್ಯವೇದವೊಂದು ಕೈಯಲ್ಲಿರಲಿ. ಆದಿಕಾಂಡದ 3, 4, 22ನೆಯ ಅಧ್ಯಾಯಗಳು, ದಾನಿಯೇಲನ 3 ಮತ್ತು 6, ಮತ್ತಾಯನ 3, ಯೋಹಾನನ 2, ಇಷ್ಟನ್ನು ಬಸ್ಸಿನಲ್ಲಿ ಓದಿಕೊಂಡು ಹೋದರೆ ಶಿಲುಬೆಗಳ ಮುಂದೆ ವಿವರಿಸುವವರು ಬೇಕಾಗುವದಿಲ್ಲ.